ಗೊಂಬೆಯೊಳಗೆ ಅಡಗಿದ ಹೆಸರು

ಶೇಕ್ಸ್‌ಪಿಯರನ 'ರೋಮಿಯೊ ಅಂಡ್ ಜೂಲಿಯೆಟ್' ನಾಟಕದಲ್ಲಿ, ತಾನು ಗೊತ್ತುಮಾಡಿದ ಮದುವೆಗೆ ಒಪ್ಪದೆ ಅಳುವ ಮಗಳನ್ನು ತಂದೆ 'ಮ್ಯಾಮೆಟ್' ಎಂದು ಹೀಗಳೆಯುತ್ತಾನೆ. ಈಗ ಬಳಕೆ ತಪ್ಪಿರುವ ಈ ಇಂಗ್ಲಿಷ್ ಪದಕ್ಕೆ ಗೊಂಬೆ ಎಂದರ್ಥ. ಅಷ್ಟಕ್ಕೇ ತೃಪ್ತರಾಗಿ ನಾವು ಪುಟ ತಿರುವಿಬಿಡಬಹುದು. ಆದರೆ ಪದದ ಬುಡ ಕೆದಕಿದರೆ ಸಿಗುವುದು ಪ್ರವಾದಿ ಮುಹಮ್ಮದ್(ಸ)ರ ಹೆಸರು!

ಹಳೆಯ ಫ್ರೆಂಚಿನಲ್ಲಿ 'ಮಹೊಮೆಟ್' ಎಂದಾದ ಆ ಹೆಸರೇ ವಿಗ್ರಹ ಎಂಬರ್ಥದ ಪದವೂ ಆಯಿತು. ಅದು ಇಂಗ್ಲಿಷಿಗೆ ಬಂದು 'ಮಾಮೆಟ್' ಆಯಿತು. 14ನೇ ಶತಮಾನದ ವಿಕ್ಲಿಫ್ ಬೈಬಲಿನಲ್ಲಿ ವಿಗ್ರಹಗಳಿಗೆ ಬಳಸಿದ್ದು ಈ ಪದವನ್ನೇ. ಕವಿ ಚಾಸರ್ ವಿಗ್ರಹಾರಾಧನೆಯನ್ನು 'ಮಾಮೆಟ್ರಿ' ಎಂದ.

ಇದು ಹೇಗಾಯಿತು? ಸುಮಾರು 1100ರ, ಅಂದರೆ ಶಿಲುಬೆ ಯುದ್ಧಗಳ ಕಾಲದ 'ರೋಲಾಂಡನ ಹಾಡು' ಎಂಬ ಫ್ರೆಂಚ್ ಕಾವ್ಯದಲ್ಲಿ ಮುಸ್ಲಿಮರು ಮೂವರು ದೇವರನ್ನು ಪೂಜಿಸುತ್ತಾರೆ: ಮಹೊಮೆಟ್, ಅಪೊಲಿನ್, ಟೆರ್ವಗಾನ್. ಮೂರ್ತಿಪೂಜೆಯನ್ನು ನಿಷೇಧಿಸಿದವರ ಹೆಸರನ್ನೇ ಮೂರ್ತಿಗೆ ಇಟ್ಟರು. ಎದುರಾಳಿಯನ್ನು ಅರಿಯದೆ ದ್ವೇಷಿಸಿದಾಗ ಹುಟ್ಟುವುದು ಇಂಥ ಪದಗಳೇ.

ಮೂರನೆಯ 'ದೇವರು' ಇಂಗ್ಲಿಷಿನಲ್ಲಿ 'ಟರ್ಮಗಂಟ್' ಆಗಿ, ನಾಟಕಗಳಲ್ಲಿ ಅಬ್ಬರಿಸುವ ಪಾತ್ರವಾಗಿ, ಕೊನೆಗೆ ಜಗಳಗಂಟಿ ಹೆಂಗಸಿನ ಹೆಸರಾದ. ಮ್ಯಾಮೆಟ್ ಬಿದ್ದದ್ದು ಜೂಲಿಯೆಟ್ ಮೇಲೆ. ಅನ್ಯರಿಗೆಂದು ಹೂಡಿದ ಬಾಣ ಮನೆಯ ಹೆಣ್ಣುಮಕ್ಕಳಿಗೇ ನಾಟಿತು.

ಓದಿದವರಿಗೆ ಸಿಟ್ಟು ಬರುವುದು ಸಹಜ. ಆದರೆ ಉರ್ದು ಕಲಿತ ನಾವು ನಮ್ಮ ನಾಲಗೆಯನ್ನೂ ನೋಡಿಕೊಳ್ಳಬೇಕು. ವಿಗ್ರಹಕ್ಕೆ ನಮ್ಮಲ್ಲಿರುವ ಪದ 'ಬುತ್'. ಪಾರಸಿಯಿಂದ ಬಂದ ಈ ಪದದ ಮೂಲ ಬುದ್ಧನ ಹೆಸರು ಎನ್ನುತ್ತಾರೆ ಭಾಷಾ ವಿದ್ವಾಂಸರು. ಬುತ್‌ಖಾನಾ, ಬುತ್‌ಪರಸ್ತಿ, ಬುತ್‌ಶಿಕನ್ ಎಂದೆಲ್ಲ ಬಾಲ್ಯದಿಂದ ಹೇಳುತ್ತ ಬಂದೆವು. ಒಬ್ಬ ಮಹಾಗುರುವಿನ ಹೆಸರು ಹೇಳುತ್ತಿದ್ದೇವೆಂದು ನಮಗೆ ತಿಳಿದಿರಲಿಲ್ಲ. ಗಝಲ್‌ಗಳಲ್ಲಂತೂ ಬುತ್ ಎಂದರೆ ಕಲ್ಲೆದೆಯ ಚೆಲುವೆ. ಇಲ್ಲಿಯೂ ಪದದ ಕೊನೆಯ ನಿಲ್ದಾಣ ಹೆಣ್ಣೇ!

ಎರಡೂ ಒಂದೇ ಎಂದು ನಾವು ವಾದಿಸುವುದಿಲ್ಲ. ಬಾಮಿಯಾನ್‌ನಂಥ ಕಡೆ ಬುದ್ಧನ ಮೂರ್ತಿಗಳು ನಿಜಕ್ಕೂ ಇದ್ದವು. ಫ್ರೆಂಚ್ ಕವಿ ಹೇಳಿದ ವಿಗ್ರಹ ಎಲ್ಲಿಯೂ ಇರಲಿಲ್ಲ. ಒಂದು ಕಂಡದ್ದಕ್ಕೆ ಇಟ್ಟ ಹೆಸರು, ಇನ್ನೊಂದು ಕಟ್ಟುಕಥೆ. ಆದರೂ ಎರಡು ಕಡೆಯೂ ಬೋಧನೆ ಮರೆತುಹೋಯಿತು, ಗುರುವಿನ ಹೆಸರು ಕಲ್ಲಿಗೆ ಅಂಟಿಕೊಂಡಿತು. 2001ರಲ್ಲಿ ಬಾಮಿಯಾನ್‌ನ ಬುದ್ಧರನ್ನು ಸಿಡಿಸಿದವರಿಗೆ ಕಂಡದ್ದು ಬುತ್ ಮಾತ್ರ.

ಹಳೆಯ ಪದಗಳನ್ನು ಕೋಶದಿಂದ ಕಿತ್ತುಹಾಕಬೇಕೆಂದು ನಾವು ಕೇಳುತ್ತಿಲ್ಲ. ಜೂಲಿಯೆಟ್ ಪಾಠ ಮಾಡುವ ಮೇಷ್ಟ್ರು ಮ್ಯಾಮೆಟ್ ಹುಟ್ಟಿದ ಕಥೆಯನ್ನೂ ಹೇಳಲಿ. ಗಝಲ್ ಪಾಠ ಮಾಡುವ ಉಸ್ತಾದರು ಬುತ್ ಹುಟ್ಟಿದ ಕಥೆಯನ್ನು ಮುಚ್ಚಿಡದಿರಲಿ.