ಕೆರೆ ನಕ್ಷೆಯ ಪ್ಲಗಿನ್‌ಗಳು

ಕ್ಯೂಜಿಐಎಸ್ ಎಂಬ ಮುಕ್ತ ನಕ್ಷಾ ತಂತ್ರಾಂಶವನ್ನು ಗ್ಯಾರಿ ಶೆರ್ಮನ್ 2002ರಲ್ಲಿ ಆರಂಭಿಸಿದರು. ಇಂದು ಅದರಲ್ಲಿ ಎರಡು ಬಗೆಯ ಸರಕು ಇದೆ. ಯೋಜನೆಯ ತಂಡವೇ ಪರೀಕ್ಷಿಸಿ ಹೊಣೆ ಹೊತ್ತಿರುವ ಮೂಲ ತಂತ್ರಾಂಶ ಒಂದು. ಹೊರಗಿನವರು ಬರೆದು ಸೇರಿಸುವ, ಬಹುಪಾಲು ಪೈಥಾನ್ ಭಾಷೆಯ ಪ್ಲಗಿನ್‌ಗಳು ಇನ್ನೊಂದು. ಮೆನುವಿನಲ್ಲಿ ಎರಡೂ ಅಕ್ಕಪಕ್ಕ ಕೂರುವುದರಿಂದ ಬಳಸುವವರಿಗೆ ನಡುವಿನ ಗೆರೆ ಕಾಣುವುದಿಲ್ಲ. ಒಂದು ನಕ್ಷೆ ಐದಾರು ವರ್ಷ ಬಾಳಬೇಕಾದರೆ ಆ ಗೆರೆ ಎಲ್ಲಿದೆಯೆಂದು ತಿಳಿದಿರಲೇಬೇಕು.

ಇದನ್ನು ನೋಡಲು ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿಗಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ತರೀಕೆರೆಯ ಕಡೆಯ ನೀರು ಲಕ್ಕವಳ್ಳಿಯ ಅಣೆಕಟ್ಟು ಕಂಡ ಭದ್ರೆಗೆ ಹೋಗುತ್ತದೆ. ಅಯ್ಯನಕೆರೆಯಿಂದ ಬರುವ ವೇದಾ, ಮದಗದ ಕೆರೆಯಿಂದ ಬರುವ ಅವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಪೂರ್ವದ ಬಯಲಿಗೆ, ವಾಣಿವಿಲಾಸ ಸಾಗರದ ಕಡೆಗೆ ಸಾಗುತ್ತವೆ. ಈ ಎರಡು ಜಲಾನಯನಗಳ ನಡುವಿನ ಏಣಿನಾಚೆ ನೀರು ದಾಟಿಸಲೆಂದೇ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರದ ಸುರಂಗ ಕೊರೆಯಲಾಯಿತು. ಆ ಏಣಿನ ಗೆರೆಯನ್ನು, ಅದರ ಎರಡು ಮಗ್ಗುಲಿನ ಕೆರೆಗಳನ್ನು ಒಂದೇ ನಕ್ಷೆಯಲ್ಲಿ ತೋರಿಸುವುದು ಹವ್ಯಾಸಿಗೂ ಸಾಧ್ಯವಿರುವ, ಮಾಡಲು ಯೋಗ್ಯವಾದ ಕೆಲಸ. ಎರಡು ಮೂರು ಹಂತಗಳಲ್ಲಿ ಹೊರಗಿನ ಪ್ಲಗಿನ್ ಬೇಕಾಗುತ್ತದೆ.

ಪ್ಲಗಿನ್ ಬರೆದವರು ಅದನ್ನು ಯೋಜನೆಯ ಅಧಿಕೃತ ಭಂಡಾರಕ್ಕೆ ಕಳಿಸುತ್ತಾರೆ. ಜೊತೆಗೆ ಮೆಟಾಡೇಟಾ ಎಂಬ ಚಿಕ್ಕ ಪಠ್ಯ ಫೈಲ್ ಇರಬೇಕು: ಹೆಸರು, ವಿವರಣೆ, ಆವೃತ್ತಿ, ಬರೆದವರ ಹೆಸರು ಮತ್ತು ಇಮೇಲ್, ಮೂಲ ಕೋಡ್ ಇರುವ ಜಾಗ, ನಡೆಯಲು ಬೇಕಾದ ಕನಿಷ್ಠ ಕ್ಯೂಜಿಐಎಸ್ ಆವೃತ್ತಿ. ಪರವಾನಗಿ ಜಿಪಿಎಲ್ ಎಂಬ ಮುಕ್ತ ಪರವಾನಗಿಗೆ ಹೊಂದಬೇಕು, ಕೋಡ್ ಓದಲು ಬರುವಂತಿರಬೇಕು. ಸ್ವಯಂಸೇವಕರು ನೋಡಿ ಒಪ್ಪಿದ ಮೇಲೆ ಅದು ಎಲ್ಲರ ಪಟ್ಟಿಯಲ್ಲಿ ಕಾಣುತ್ತದೆ. ಇದು ಒಳ್ಳೆಯ ವ್ಯವಸ್ಥೆ. ಆದರೆ ಈ ಒಪ್ಪಿಗೆಗೆ ಇರುವ ಅರ್ಥ ಸೀಮಿತ. ಪ್ಲಗಿನ್ ಕೊಡುವ ಉತ್ತರ ಸರಿಯೆಂದು ಯಾರೂ ಅಲ್ಲಿ ಪ್ರಮಾಣಪತ್ರ ಕೊಡುವುದಿಲ್ಲ. ‘ಪ್ರಾಯೋಗಿಕ’ ಎಂಬ ಗುರುತಿರುವ ಪ್ಲಗಿನ್‌ಗಳು ಬಳಕೆದಾರರು ತಾವಾಗಿ ಕೇಳಿದರೆ ಮಾತ್ರ ಪಟ್ಟಿಗೆ ಬರುತ್ತವೆ. ಮುಖ್ಯ ಕೆಲಸದ ಕಂಪ್ಯೂಟರಿನಲ್ಲಿ ಆ ಆಯ್ಕೆಯನ್ನು ಒತ್ತದಿರುವುದೇ ಸರಿ.

ಆವೃತ್ತಿಯ ಸಾಲನ್ನು ಗಮನವಿಟ್ಟು ಓದಬೇಕು. 2018ರ ಫೆಬ್ರವರಿಯಲ್ಲಿ 3.0 ಬಂದಾಗ ಒಳಗಿನ ಪೈಥಾನ್ 2 ಹೋಗಿ 3 ಬಂತು, ಕ್ಯೂಟಿ ಎಂಬ ಅಡಿಪಾಯ 4ರಿಂದ 5ಕ್ಕೆ ಏರಿತು. ಹಳೆಯ ಪ್ಲಗಿನ್‌ಗಳು ಒಂದೇ ಏಟಿಗೆ ನಿಂತವು. ಬರೆದವರಿಗೆ ಬಿಡುವಿದ್ದ ಪ್ಲಗಿನ್‌ಗಳು ದಾಟಿ ಬಂದವು, ಉಳಿದವು ಅಲ್ಲೇ ಕೊನೆಯಾದವು. ಗರಿಷ್ಠ ಆವೃತ್ತಿಯನ್ನು ನಮೂದಿಸದ ಪ್ಲಗಿನ್ ತನ್ನ ಸರಣಿಯ 99ನೇ ಆವೃತ್ತಿಯವರೆಗೆ ಮಾತ್ರ ಹೊಂದುತ್ತದೆಂದು ತಂತ್ರಾಂಶ ಲೆಕ್ಕ ಹಿಡಿಯುತ್ತದೆ. ಅಂದರೆ ಕ್ಯೂಟಿ 6ರ ಮೇಲೆ ನಿಲ್ಲುವ ನಾಲ್ಕನೇ ಸರಣಿಗೆ ಪ್ರತಿ ಪ್ಲಗಿನ್ ತಾನು ಸಿದ್ಧವೆಂದು ಹೇಳಿಕೊಳ್ಳಬೇಕು. ಕ್ಯೂಜಿಐಎಸ್‌ನ ಹೊಸ ಆವೃತ್ತಿ ನಾಲ್ಕು ತಿಂಗಳಿಗೊಂದು ಬರುತ್ತದೆ. ನಿಧಾನವಾಗಿ ಬೆಳೆಯುವ ನಕ್ಷೆಗೆ ಒಂದು ವರ್ಷ ದುರಸ್ತಿ ಸಿಗುವ ದೀರ್ಘಾವಧಿ ಆವೃತ್ತಿಯೇ ಮೇಲು.

ಕೆರೆಗಳ ಮೊದಲ ಪಟ್ಟಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಜನರೇ ತುಂಬುವ ಮುಕ್ತ ನಕ್ಷೆಯಿಂದ ತರಲು ಕ್ವಿಕ್‌ಓಎಸ್ಎಂ ಪ್ಲಗಿನ್ ಇದೆ. ಎಟಿಯೆನ್ ಟ್ರಿಮೈ ಬರೆದ ಇದು ಹಲವು ವರ್ಷಗಳಿಂದ ಕೈಕೊಡದೆ ನಡೆದುಬಂದಿದೆ. ನೀರಿನ ಹರವುಗಳನ್ನು ಕೇಳಿದರೆ ಕ್ಷಣದಲ್ಲಿ ಪದರವಾಗಿ ಇಳಿಸುತ್ತದೆ. ಯಾರಾದರೂ ಕನ್ನಡದಲ್ಲಿ ಹೆಸರು ತುಂಬಿದ್ದರೆ ಅದೂ ಬೇರೆ ಕಾಲಂನಲ್ಲಿ ಬರುತ್ತದೆ. ಆದರೆ ಸುಮ್ಮನೆ ಬಿಟ್ಟರೆ ಅದು ತಾತ್ಕಾಲಿಕ ಪದರ, ತಂತ್ರಾಂಶ ಮುಚ್ಚಿದರೆ ಹೋಯಿತು. ಉಳಿಸುವಾಗ ಶೇಪ್‌ಫೈಲ್ ಎಂಬ ಫೈಲ್ ಬಗೆಯನ್ನು ಆರಿಸಿದರೆ ಕಾಲಂ ಹೆಸರು ಹತ್ತು ಅಕ್ಷರಕ್ಕೆ ಕತ್ತರಿಸಿಹೋಗುತ್ತದೆ, ಕನ್ನಡ ಅಕ್ಷರಗಳು ಬೇರೆ ಕಂಪ್ಯೂಟರಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗುವ ಸಂಭವವೂ ಇದೆ. ಜಿಯೋಪ್ಯಾಕೇಜ್ ಎಂಬ ಇನ್ನೊಂದು ಬಗೆಯಲ್ಲಿ ಉಳಿಸಿದರೆ ಈ ಎರಡೂ ತೊಂದರೆ ಇಲ್ಲ, ನಾಳೆ ಪ್ಲಗಿನ್ ಇಲ್ಲದಿದ್ದರೂ ದತ್ತಾಂಶ ತೆರೆಯುತ್ತದೆ. ತಾಲ್ಲೂಕಿನ ಗಡಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು: 2011ರ ಜನಗಣತಿಯ ಕಾಲಕ್ಕೆ ಅಜ್ಜಂಪುರ ತರೀಕೆರೆ ತಾಲ್ಲೂಕಿನೊಳಗೇ ಇತ್ತು, ಆ ಕಾಲದ ಗಡಿ ಫೈಲುಗಳು ಇಂದಿಗೂ ಎಲ್ಲೆಡೆ ಓಡಾಡುತ್ತಿವೆ. ಇದನ್ನು ಯಾವ ಪ್ಲಗಿನ್ ಕೂಡ ಹೇಳುವುದಿಲ್ಲ.

ಜಲಾನಯನ ಗುರುತಿಸುವ ಹಂತದಲ್ಲಿ ವಿಷಯ ಇನ್ನೂ ಆಳಕ್ಕೆ ಹೋಗುತ್ತದೆ. 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶವನ್ನೋ ಇಸ್ರೋದ ಭುವನ್‌ನಲ್ಲಿ ಸಿಗುವ ಕಾರ್ಟೋಸ್ಯಾಟ್ ದತ್ತಾಂಶವನ್ನೋ ತೆಗೆದುಕೊಂಡು, ಯುಟಿಎಂ 43 ಉತ್ತರ ವಲಯಕ್ಕೆ ಒಗ್ಗಿಸಿ, ಸುಳ್ಳು ಗುಂಡಿಗಳನ್ನು ತುಂಬಿಸಿ, ನೀರು ಯಾವ ಕಡೆ ಹರಿಯುತ್ತದೆಂದು ಲೆಕ್ಕ ಹಾಕಬೇಕು. ಬಹಳ ವರ್ಷ ಇದಕ್ಕೆ ಸಾಗಾ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಉಪಕರಣಗಳು ಕ್ಯೂಜಿಐಎಸ್‌ನ ಒಳಗೇ ಸಿಗುತ್ತಿದ್ದವು. ಪಾಠಗಳೆಲ್ಲ ಅವುಗಳ ಮೇಲೆ ನಿಂತಿದ್ದವು. ಆದರೆ ಸಾಗಾದ ಆವೃತ್ತಿ ಬದಲಾದಂತೆಲ್ಲ ಈ ಜೋಡಣೆ ಮುರಿಯುತ್ತಿತ್ತು, ಅದನ್ನು ನೋಡಿಕೊಳ್ಳುವ ಕೈಗಳು ಸಾಲದಾದವು. ಮೂರನೇ ಸರಣಿಯ ನಡುವೆಯೇ ಯೋಜನೆ ಅದನ್ನು ಮೂಲದಿಂದ ಹೊರಗಿಟ್ಟಿತು. ಈಗ ಅದೇ ಕೆಲಸಕ್ಕೆ ನಾರ್ತ್ ರೋಡ್ ಸಂಸ್ಥೆಯ ಪ್ರತ್ಯೇಕ ಪ್ಲಗಿನ್ ಹಾಕಿಕೊಳ್ಳಬೇಕು, ಸಾಗಾವನ್ನೂ ಬೇರೆಯಾಗಿ ಸ್ಥಾಪಿಸಬೇಕು. ಹಿಂದೆ ಕಟ್ಟಿಟ್ಟ ಲೆಕ್ಕದ ಮಾದರಿಯನ್ನು ಇಂದು ತೆರೆದರೆ ಉಪಕರಣ ಸಿಗಲಿಲ್ಲವೆಂಬ ಸಂದೇಶ ಬಂದು ನಿಲ್ಲುತ್ತದೆ. ಮೂಲದಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾವುದೂ ಶಾಶ್ವತವಲ್ಲ.

ಎದುರು ದಿಕ್ಕಿನ ಪಯಣವೂ ಇದೆ, ಅದು ಇನ್ನೂ ಸೊಗಸು. ವಿಕ್ಟರ್ ಒಲಾಯಾ ಅವರ ಸೆಕ್ಸ್‌ಟಾಂಟೆ ಮೊದಲು ಹೊರಗಿನ ಪ್ಲಗಿನ್ ಆಗಿತ್ತು, 2013ರ 2.0 ಆವೃತ್ತಿಯಲ್ಲಿ ಅದೇ ಪ್ರೊಸೆಸಿಂಗ್ ಎಂಬ ಹೆಸರಿನಲ್ಲಿ ತಂತ್ರಾಂಶದ ಬೆನ್ನೆಲುಬಾಯಿತು. ಅನಿತಾ ಗ್ರೇಸರ್ ಅವರ ಟೈಮ್ ಮ್ಯಾನೇಜರ್ ಕಾಲಕ್ಕೆ ತಕ್ಕಂತೆ ನಕ್ಷೆ ಬದಲಾಗುವುದನ್ನು ತೋರಿಸುತ್ತಿತ್ತು, 2020ರ 3.14ರಲ್ಲಿ ಆ ಸೌಲಭ್ಯ ಮೂಲಕ್ಕೆ ಬಂದ ಮೇಲೆ ಪ್ಲಗಿನ್‌ನ ಅಗತ್ಯ ಉಳಿಯಲಿಲ್ಲ. ಮಳೆಗಾಲದಿಂದ ಬೇಸಗೆಗೆ ಮದಗದ ಕೆರೆಯ ಹರವು ಕುಗ್ಗುವುದನ್ನು ತೋರಿಸಲು ಈಗ ಹೊರಗಿನ ಯಾವುದನ್ನೂ ಸೇರಿಸಬೇಕಿಲ್ಲ. ಹೊಸ ಪ್ಲಗಿನ್ ಹುಡುಕುವ ಮುನ್ನ ಮೂಲದಲ್ಲೇ ಅದು ಬಂದಿದೆಯೇ ಎಂದು ನೋಡುವ ಅಭ್ಯಾಸ ಅರ್ಧ ತೊಡಕನ್ನು ತಪ್ಪಿಸುತ್ತದೆ.

ಸುರಕ್ಷತೆಯ ಮಾತು ಚಿಕ್ಕದು, ಆದರೆ ಗಟ್ಟಿ. ಪ್ಲಗಿನ್‌ಗೆ ಬೇಲಿಯಿಲ್ಲ, ಕಂಪ್ಯೂಟರಿನಲ್ಲಿ ಬಳಕೆದಾರರು ಏನೇನು ಮಾಡಬಲ್ಲರೋ ಅದನ್ನೆಲ್ಲ ಅದೂ ಮಾಡಬಲ್ಲದು. ಯಾರೋ ಕಳಿಸಿದ ಜಿಪ್ ಫೈಲಿನಿಂದ ನೇರ ಸ್ಥಾಪಿಸುವ ದಾರಿ ಇರುವುದು ತಾವೇ ಪ್ಲಗಿನ್ ಬರೆಯುವವರಿಗೆ ಮತ್ತು ಕಳಿಸಿದವರನ್ನು ಬಲ್ಲವರಿಗೆ. ಪೈಥಾನ್ ಓದಲು ಕಲಿತರೆ ಅನುಮಾನ ಬಂದಾಗ ಒಳಗೆ ಇಣುಕಿ ನೋಡಬಹುದು. ಬೆಂಗಳೂರಿನ ಉಜವಲ್ ಗಾಂಧಿ ಅವರ ಉಚಿತ ಪಾಠಗಳಲ್ಲಿ ಪ್ಲಗಿನ್ ಕಟ್ಟುವ ಬಗೆ ಮೊದಲ ಸಾಲಿನಿಂದ ಇದೆ.

ಹೊಸದನ್ನು ಪರೀಕ್ಷಿಸಲು ಪ್ರೊಫೈಲ್ ಸೌಲಭ್ಯ ಬಹಳ ಉಪಯುಕ್ತ. ಪ್ರತಿ ಪ್ರೊಫೈಲ್‌ಗೂ ತನ್ನದೇ ಪ್ಲಗಿನ್ ಫೋಲ್ಡರ್ ಇರುತ್ತದೆ. ‘ಪರೀಕ್ಷೆ’ ಎಂಬ ಪ್ರೊಫೈಲ್‌ನಲ್ಲಿ ಹೊಸ ಪ್ಲಗಿನ್ ಹಾಕಿ, ಕೆರೆ ನಕ್ಷೆಯ ನಕಲನ್ನು ತೆರೆದು ನೋಡಿದ ಮೇಲೆ ಮುಖ್ಯ ಪ್ರೊಫೈಲ್‌ಗೆ ತರಬಹುದು. ತಂತ್ರಾಂಶ ತೆರೆಯುವಾಗಲೇ ಕುಸಿದುಬಿದ್ದರೆ ಪ್ಲಗಿನ್‌ಗಳಿಲ್ಲದೆ ಆರಂಭಿಸುವ ಆದೇಶವೂ ಇದೆ. ಹಾಗೆ ತೆರೆದು, ಒಂದೊಂದಾಗಿ ಹಿಂದಿರುಗಿಸಿದರೆ ತಪ್ಪು ಯಾವುದರಲ್ಲೆಂದು ಗೊತ್ತಾಗುತ್ತದೆ.

ನಕ್ಷೆಯ ಜೊತೆ ಒಂದು ಪುಟದ ದಾಖಲೆ ಇರಬೇಕು: ಕ್ಯೂಜಿಐಎಸ್‌ನ ಆವೃತ್ತಿ, ಪ್ರತಿ ಪ್ಲಗಿನ್‌ನ ಹೆಸರು ಮತ್ತು ಆವೃತ್ತಿ, ಅದು ಯಾವ ಪದರವನ್ನು ತಂದಿತು ಅಥವಾ ಯಾವ ಲೆಕ್ಕ ಮಾಡಿತು, ದತ್ತಾಂಶ ತಂದ ದಿನ, ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರಿಗೆ ಸಲ್ಲಬೇಕಾದ ಉಲ್ಲೇಖ. ಪ್ಲಗಿನ್ ತೆಗೆಯುವ ಮುನ್ನ ಅದನ್ನು ಅಳಿಸದೆ ನಿಷ್ಕ್ರಿಯಗೊಳಿಸಿ, ನಕ್ಷೆಯನ್ನು ಮತ್ತೆ ತೆರೆದು ನೋಡಬೇಕು. ಕೆಲವು ಪ್ಲಗಿನ್‌ಗಳು ತಮ್ಮದೇ ಬಗೆಯ ಪದರ, ತಮ್ಮದೇ ಸೂತ್ರಗಳನ್ನು ಸೇರಿಸಿರುತ್ತವೆ. ಅವು ಹೋದರೆ ಪದರ ಬರಿದಾಗುತ್ತದೆ, ಕೆರೆಯ ಹೆಸರು ಬರೆಯುವ ಸೂತ್ರ ತಪ್ಪು ತೋರಿಸುತ್ತದೆ. ಎಲ್ಲ ಪದರಗಳೂ ಜಿಯೋಪ್ಯಾಕೇಜ್‌ನಲ್ಲಿ ಉಳಿದು, ಹೆಸರುಗಳು ಸರಿಯಾಗಿ ಮೂಡಿದರೆ ಆ ಪ್ಲಗಿನ್ ಅನ್ನು ಅಳಿಸಿ, ದಾಖಲೆಯ ಪುಟದಲ್ಲಿ ಅಳಿಸಿದ ದಿನಾಂಕ ಬರೆಯಬಹುದು.