ಪಂಕ್ತಿಗೆ ಬಾರದ ಸಾರು

ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವನ್ನು ಓದುವಾಗಲೆಲ್ಲ ನನಗೆ ವಳಕಮದಿನ್ನಿಯ ನಮ್ಮ ಮನೆಯ ಒಲೆ ನೆನಪಾಗುತ್ತದೆ. 16ನೆಯ ಶತಮಾನದ ಈ ಜೈನಕವಿ ಬದನೆಯ ಬಗೆಬಗೆಯ ಪಾಕಗಳನ್ನು ವಾರ್ಧಕ ಷಟ್ಪದಿಯಲ್ಲಿ ಬಾಯಿ ನೀರೂರುವಂತೆ ಹೇಳಿದ್ದಾನೆ. ಮಾಂಸದ ಸೊಲ್ಲಿಲ್ಲ, ಅದು ಕವಿಯ ಧರ್ಮ, ಕಾವ್ಯದ ದೋಷವಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಮಾಂಸಪಾಕಗಳನ್ನು ವಿವರಿಸಿದನು, ಆದರೆ ಭಾಷೆ ಸಂಸ್ಕೃತ, ಅಡಿಗೆ ಅರಮನೆಯದು.

ಜೋಳದ ರೊಟ್ಟಿಗೆಂದು ಅವ್ವ ಸಣ್ಣ ಉರಿಯಲ್ಲಿ ಕುದಿಸುತ್ತಿದ್ದ ಮಾಂಸದ ಸಾರು ಎರಡರಲ್ಲಿಯೂ ಇಲ್ಲ. ಅದರ ಮೆಣಸಿನಕಾಯಿ, ಟೊಮ್ಯಾಟೊಗಳು ಮೆಕ್ಸಿಕೋ ಕಡೆಯಿಂದ ಕಡಲು ದಾಟಿ ಬಂದವು. ಅಲ್ಲಿಯ ಮನೆಗಳಲ್ಲಿಯೂ ಇವನ್ನೇ ಅರೆದು ದನದ ಮಾಂಸ ಬೇಯಿಸುತ್ತಾರೆ. ಹೊರಗಿನ ಕಾಯಿಗೆ ಕನ್ನಡವು ಮೆಣಸಿನ ಹೆಸರಿಟ್ಟು ಒಳಗೆ ಕರೆಯಿತು. ಅವ್ವನ ಗಡಿಗೆಗೆ ಮಾತ್ರ ಹಳೆಯ ಪಾಕಗ್ರಂಥಗಳ ಪಂಕ್ತಿಯಲ್ಲಿ ಎಡೆ ಸಿಗಲಿಲ್ಲ. ಮಂಗರಸನನ್ನು ಮೆಚ್ಚುತ್ತಲೇ ಈ ಕೊರತೆಯನ್ನೂ ನಾನು ತರಗತಿಯಲ್ಲಿ ಹೇಳುತ್ತೇನೆ.