ಸರ್ವರ್ ಪಕ್ಕದ ಹಾಳೆಗೊಂದು ವ್ಯಾಖ್ಯಾನ

ಯಳಂದೂರು ತಾಲ್ಲೂಕಿನ ಅಗರದಂಥ ಊರಿನ ಪ್ರೌಢಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾದರಿ ಹಾಳೆ ಇದು. ಲಿನಕ್ಸ್ ಹಾಕಿದ ಒಂದು ಸರ್ವರ್. ಅದರಲ್ಲಿ ಅಂಕಪಟ್ಟಿ, ಹಾಜರಾತಿ, ಪ್ರಶ್ನೆಪತ್ರಿಕೆಗಳ ಫೋಲ್ಡರ್. ಶಿಕ್ಷಕರ ಕೊಠಡಿಯ ಮತ್ತು ಕಚೇರಿಯ ಕಂಪ್ಯೂಟರುಗಳು ಅದನ್ನು ಎನ್‌ಎಫ್‌ಎಸ್ ಮೂಲಕ ತಮ್ಮದೇ ಡಿಸ್ಕಿನ ಹಾಗೆ ತೆರೆಯುತ್ತವೆ. ಇದನ್ನೆಲ್ಲ ಜೋಡಿಸಿದ ಮೇಷ್ಟ್ರಿಗೆ ವರ್ಗವಾದರೆ, ಅವರ ಜಾಗಕ್ಕೆ ಬಂದವರಿಗೂ ರಿಪೇರಿಗೆಂದು ಕೊಳ್ಳೇಗಾಲದಿಂದ ಬಂದವರಿಗೂ ಈ ಹಾಳೆಯೇ ಆಧಾರ. ಹಾಳೆಯ ಒಂದೊಂದು ಸಾಲು, ಅದರ ಕೆಳಗೆ ಅದರ ವ್ಯಾಖ್ಯಾನ.

ಸರ್ವರ್: 192.168.10.5. ರೂಟರಿನಲ್ಲಿ ಕಾದಿರಿಸಿದೆ.

192.168ರಿಂದ ಶುರುವಾಗುವ ವಿಳಾಸಗಳು ಖಾಸಗಿ ಬಳಕೆಗೆ ಬಿಟ್ಟವು. 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ನಿಯಮಪತ್ರ ಇದನ್ನು ಗೊತ್ತುಮಾಡಿತು. ಇದೇ ಸಂಖ್ಯೆ ಲೋಕದ ಲೆಕ್ಕವಿಲ್ಲದಷ್ಟು ಮನೆ, ಕಚೇರಿಗಳಲ್ಲಿ ಇರುತ್ತದೆ. ಆದ್ದರಿಂದ ಯಾವ ರೂಟರ್, ಅದು ಯಾವ ಕೊಠಡಿಯಲ್ಲಿದೆ ಎಂಬುದನ್ನೂ ಬರೆಯಬೇಕು. ‘ಕಾದಿರಿಸಿದೆ’ ಎಂದಿರುವುದು ಒಳ್ಳೆಯದೇ. ಆದರೆ ರೂಟರ್ ವಿಳಾಸ ಕಾದಿರಿಸುವುದು ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ಸಂಖ್ಯೆ ನೋಡಿ. ಕಾರ್ಡ್ ಸುಟ್ಟು ಹೊಸದು ಹಾಕಿದ ದಿನ ಸರ್ವರಿಗೆ ಬೇರೆ ವಿಳಾಸ ಬರುತ್ತದೆ, ಫೋಲ್ಡರ್ ಎಲ್ಲಿಯೂ ತೆರೆಯುವುದಿಲ್ಲ. ಮ್ಯಾಕ್ ಸಂಖ್ಯೆಯೂ ಈ ಸಾಲಿನಲ್ಲೇ ಇರಲಿ.

ದಾಖಲೆ 192.168.10.16/29(ಆರ್‌ಡಬ್ಲ್ಯೂ,ಸಿಂಕ್,ರೂಟ್‌ಸ್ಕ್ವಾಶ್)

ಇಡೀ ಹಾಳೆಯ ಜೀವ ಈ ಸಾಲಿನಲ್ಲಿದೆ. ಸರ್ವರಿನ ಎಕ್ಸ್‌ಪೋರ್ಟ್ಸ್ ಫೈಲಿನಿಂದ ಇಳಿಸಿಕೊಂಡದ್ದು. /29 ಅಂದರೆ 16ರಿಂದ 23ರವರೆಗಿನ ಎಂಟು ವಿಳಾಸ, ಅಷ್ಟೇ. ಅವಸರದಲ್ಲಿ ಎಲ್ಲರೂ ಬರೆಯುವುದು /24, ಆಗ 192.168.10ರ ಅಡಿಯಲ್ಲಿರುವ ಎಲ್ಲ ವಿಳಾಸಗಳಿಗೂ ಬಾಗಿಲು ತೆರೆದಂತೆ. ವೈಫೈಗೆ ಸೇರಿದ ಪ್ರತಿ ಲ್ಯಾಪ್‌ಟಾಪೂ ಅದರಲ್ಲಿ ಬಂತು.

ಬಂದರೇನು, ಪಾಸ್‌ವರ್ಡ್ ಇಲ್ಲವೇ ಎಂದು ಕೇಳಬಹುದು. ಇಲ್ಲ. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಎನ್‌ಎಫ್‌ಎಸ್ ರೂಪಿಸಿದ್ದು ಒಂದನ್ನೊಂದು ನಂಬುವ ಯಂತ್ರಗಳಿಗಾಗಿ. ಮಾಮೂಲಿ ಸೆಟ್ಟಿಂಗಿನಲ್ಲಿ ಈಗಲೂ ಹಾಗೆಯೇ: ಎದುರಿನ ಕಂಪ್ಯೂಟರ್ ‘ನಾನು 1001ನೇ ಯೂಸರ್’ ಎಂದರೆ ಸರ್ವರ್ ಒಪ್ಪಿಕೊಳ್ಳುತ್ತದೆ. ರೂಟ್‌ಸ್ಕ್ವಾಶ್ ತಡೆಯುವುದು ರೂಟ್ (ಯಂತ್ರದ ಪೂರ್ಣ ಅಧಿಕಾರವುಳ್ಳ ಯೂಸರ್) ಹೆಸರಿನಲ್ಲಿ ಬಂದವರನ್ನು ಮಾತ್ರ. ತನ್ನ ಲ್ಯಾಪ್‌ಟಾಪಿನಲ್ಲಿ ತಾನೇ ರೂಟ್ ಆಗಿರುವ ಹುಡುಗ ಅಲ್ಲೊಂದು 1001ನೇ ಯೂಸರ್ ಮಾಡಿಕೊಂಡರೆ ಸಾಕು, ಗಣಿತ ಮೇಷ್ಟ್ರ ಅಂಕಪಟ್ಟಿ ಅವನ ಕೈಗೆ ಬಂತು. ಹಾಗಾಗಿ ಇಲ್ಲಿ ವಿಳಾಸದ ಪಟ್ಟಿಯೇ ಬೀಗ. ರೂಟರ್ ತಾನಾಗಿ ಹಂಚುವ ವಿಳಾಸಗಳು 100ರಿಂದ ಮೇಲಿರಲಿ, ಅದನ್ನೂ ಬರೆದಿಡಿ. ಹಟಕ್ಕೆ ಬಿದ್ದವರು 17 ಎಂದು ತಾವೇ ವಿಳಾಸ ಹಾಕಿಕೊಂಡು ನುಗ್ಗಬಹುದು, ನಿಜ. ಅದಕ್ಕೆ ಶಿಕ್ಷಕರ ಕಂಪ್ಯೂಟರುಗಳ ತಂತಿ ಬೇರೆ, ಮಕ್ಕಳ ವೈಫೈ ಬೇರೆ ಮಾಡಬೇಕು. ಇಲ್ಲವೇ ಯೂಸರ್ ನಿಜಕ್ಕೂ ಯಾರೆಂದು ಪರಿಶೀಲಿಸುವ ಕರ್ಬರೋಸ್ ಹಾಕಬೇಕು. ಪ್ರಶ್ನೆಪತ್ರಿಕೆ ಇಡುವ ಜಾಗಕ್ಕೆ ಇಷ್ಟು ಶ್ರಮ ಹೆಚ್ಚೇನಲ್ಲ.

29ಕ್ಕೂ ಕಂಸಕ್ಕೂ ನಡುವೆ ಜಾಗ ಬಿಟ್ಟಿಲ್ಲ, ಗಮನಿಸಿ. ಅಲ್ಲೊಂದು ಸ್ಪೇಸ್ ಬಿದ್ದರೆ ಅರ್ಥವೇ ತಿರುಗುತ್ತದೆ: ಆ ಎಂಟು ವಿಳಾಸಗಳಿಗೆ ಓದಲು ಮಾತ್ರ ಅವಕಾಶ, ಉಳಿದ ಜಗತ್ತಿಗೆಲ್ಲ ಓದಲೂ ಬರೆಯಲೂ (ಆರ್‌ಡಬ್ಲ್ಯೂ) ಅವಕಾಶ. ಹಾಳೆಯನ್ನು ಟೈಪ್ ಮಾಡುವವರು ಚೆಂದಕ್ಕೆಂದು ಸ್ಪೇಸ್ ಸೇರಿಸದಿರಲಿ. ಮುಂದೆ ಅದನ್ನೇ ನೋಡಿ ಫೈಲಿಗೆ ಹಾಕುವವರಿದ್ದಾರೆ.

ಸಿಂಕ್ ಅಂದರೆ ಬರೆದದ್ದು ಡಿಸ್ಕಿಗೆ ಇಳಿದ ಮೇಲೆಯೇ ‘ಆಯಿತು’ ಎನ್ನುವುದು. ತುಸು ನಿಧಾನ. ಆದರೆ ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುವ ಕಡೆ ವೇಗಕ್ಕೆ ಆಸೆಪಟ್ಟು ಎಸಿಂಕ್ ಹಾಕಬಾರದು. ‘ಆಯಿತು’ ಎಂದ ಹಾಜರಾತಿ ಮರುದಿನ ಕಾಣದಿದ್ದರೆ ಯಾರನ್ನು ಕೇಳುವುದು?

ಯೂಸರ್ ಸಂಖ್ಯೆ: ಗಣಿತ 1001, ವಿಜ್ಞಾನ 1002, ಕಚೇರಿ 1003. ಎಲ್ಲ ಕಂಪ್ಯೂಟರಿನಲ್ಲೂ ಇದೇ.

ಅನೇಕ ಹಾಳೆಗಳಲ್ಲಿ ಈ ಸಾಲೇ ಇರುವುದಿಲ್ಲ. ಸರ್ವರ್ ನೋಡುವುದು ಹೆಸರನ್ನಲ್ಲ, ಸಂಖ್ಯೆಯನ್ನು. ಉಬುಂಟು ಮೊದಲ ಯೂಸರಿಗೆ 1000, ಆಮೇಲಿನವರಿಗೆ 1001, 1002 ಎಂದು ಸೇರಿಸಿದ ಸರದಿಯಲ್ಲೇ ಕೊಡುತ್ತದೆ. ಹೊಸ ಕಂಪ್ಯೂಟರಿನಲ್ಲಿ ಸರದಿ ಅದಲುಬದಲಾದರೆ ಗಣಿತದವರ ಫೈಲು ವಿಜ್ಞಾನದವರದಾಗುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ.

ಆವೃತ್ತಿ 4, ಪೋರ್ಟ್ 2049.

ಎನ್‌ಎಫ್‌ಎಸ್‌ನ 1995ರ 3ನೇ ಆವೃತ್ತಿಗೆ 111ನೇ ಪೋರ್ಟೂ ಇನ್ನು ಕೆಲವೂ ಬೇಕಿದ್ದವು. 4ಕ್ಕೆ ಇದೊಂದೇ ಸಾಕು. ಫೈರ್‌ವಾಲಿನಲ್ಲಿ ಬೇರೆ ತೆರೆಯಬೇಡಿ.

ಬದಲಾವಣೆ: 192.168.10.19 ಕಚೇರಿಗೆ. ಟಿಸಿ ಬರೆಯಲು.

‘ಟಿಸಿ ಬರೆಯಲು’ ಎಂದು ಕಾರಣ ಕೊಟ್ಟದ್ದಕ್ಕೆ ಬರೆದವರನ್ನು ಮೆಚ್ಚಬೇಕು. ಕಾರಣ ಗೊತ್ತಿದ್ದರೆ ಕೆಲಸ ಮುಗಿದ ಮೇಲೆ ಆ ವಿಳಾಸವನ್ನು ಧೈರ್ಯವಾಗಿ ತೆಗೆಯಬಹುದು. ಗೊತ್ತಿಲ್ಲದಿದ್ದರೆ ಯಾರೂ ಮುಟ್ಟುವುದಿಲ್ಲ, ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ದಿನಾಂಕ ಬಿಟ್ಟುಹೋಗಿದೆ, ಸೇರಿಸಬೇಕು. ಸಹಾಯ ಕೇಳಲು ಹಾಳೆಯನ್ನು ಹೊರಗೆ ಕಳಿಸುವುದಾದರೆ ನಿಜ ವಿಳಾಸಗಳ ಬದಲು 192.0.2ರಿಂದ ಶುರುವಾಗುವವನ್ನು ಹಾಕಿ. 2010ರ ಆರ್‌ಎಫ್‌ಸಿ 5737 ಅವನ್ನು ಉದಾಹರಣೆಗೆಂದೇ ಬಿಟ್ಟಿದೆ. ಬದಲಾವಣೆ ಆದ ಮೇಲೆ ಕಚೇರಿಯಿಂದ ಫೋಲ್ಡರ್ ತೆರೆದು ನೋಡುವುದು ಅರ್ಧ ಪರೀಕ್ಷೆ. ಮಕ್ಕಳ ಲ್ಯಾಬಿನ ಒಂದು ಕಂಪ್ಯೂಟರಿನಿಂದಲೂ ತೆರೆಯಲು ಹೋಗಿ, ಅದು ತೆರೆಯಲಿಲ್ಲ ಎಂದು ಇದೇ ಸಾಲಿನ ಕೆಳಗೆ ಬರೆಯಬೇಕು.